ನಿರ್ಮಲ ಜಲದ ಸಾಧಕರು: ಸರ್ ಎಂ. ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ಕೃಷ್ಣರಾಜಸಾಗರದ ಕಟ್ಟೆ ಕಣ್ಮುಂದೆ ನಿಲ್ಲುತ್ತದೆ. ನೀರನ್ನು ಕಟ್ಟಿ ನಿಲ್ಲಿಸಿದ ಆ ಮಹನೀಯರು ಅದಕ್ಕೂ ಬಹು ಮೊದಲೇ ನೀರನ್ನು ಶುದ್ಧಗೊಳಿಸುವ ಕಾರ್ಯದಲ್ಲಿ ತೊಡಗಿದ್ದರೆಂಬುದನ್ನು ಸ್ಮರಿಸುವವರು ವಿರಳ.

ಮುದ್ದೇನಹಳ್ಳಿಯಲ್ಲಿ ಜನಿಸಿ, ಎಳವೆಯಲ್ಲಿಯೇ ತಂದೆಯವರನ್ನು ಕಳೆದುಕೊಂಡ ಅವರು ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ನಡೆಸಿದರು. ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದರು. ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸೇವೆಗೆ ನಿಂತರು.

ಕೆಲವು ವರ್ಷಗಳ ತರುವಾಯ ಸಿಂಧ್ ಪ್ರದೇಶದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸುವ ಹೊಣೆ ಅವರ ಪಾಲಿಗೆ ಬಂದಿತು. ಸಿಂಧೂ ನದಿಯ ನೀರು ವರ್ಷದ ಬಹುಭಾಗ ಕೆಸರಿನಿಂದ ಕೂಡಿರುತ್ತಿತ್ತು. ಶೋಧಕ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯ ಬಳಿ ಹಣವಿರಲಿಲ್ಲ. ಆಗ ಅವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ಜಿನುಗಿ ಬಂದ ತಿಳಿನೀರನ್ನು ಸಂಗ್ರಹಿಸಿ ಮೇಲೆತ್ತಿಸಿದರು. 1895ರ ವೇಳೆಗೆ ಕಾರ್ಯ ಪೂರ್ಣಗೊಂಡಿತು. ನಿಸರ್ಗದ ಮರಳೇ ಶೋಧಕವಾಯಿತು.

ಮರಳಿನ ಮಹಿಮೆಯನ್ನು ಲೋಕವು ಆಗಷ್ಟೇ ಅರಿತಿತ್ತು. 1892ರಲ್ಲಿ ಎಲ್ಬ್ ನದಿಯ ನೀರನ್ನು ಶೋಧಿಸದೆ ಕುಡಿದ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ರೋಗಕ್ಕೆ ಎಂಟು ಸಹಸ್ರಕ್ಕೂ ಹೆಚ್ಚು ಮಂದಿ ಬಲಿಯಾದರು. ಅದೇ ನದಿಯ ಕೆಳದಂಡೆಯಲ್ಲಿದ್ದ ಆಲ್ಟೋನಾ ಪಟ್ಟಣ ನೀರನ್ನು ಮರಳಿನಲ್ಲಿ ಶೋಧಿಸುತ್ತಿದ್ದುದರಿಂದ ಬಹುಮಟ್ಟಿಗೆ ಪಾರಾಯಿತು.

ವಿಶ್ವೇಶ್ವರಯ್ಯನವರು ಮುಂದೆ ಮುಂಬಯಿ ಸರ್ಕಾರದ ನೈರ್ಮಲ್ಯ ಇಂಜಿನಿಯರಾದರು. 1906ರಲ್ಲಿ ಏಡನ್ ನಗರದ ನೀರು ಸರಬರಾಜು ಮತ್ತು ಒಳಚರಂಡಿಗೆ ಸಲಹೆ ನೀಡಿದರು. 1908ರ ಮೂಸಿ ನದಿಯ ಮಹಾಪ್ರವಾಹದ ತರುವಾಯ ಹೈದರಾಬಾದಿಗೂ ಯೋಜನೆ ರೂಪಿಸಿದರು. ನೀರನ್ನು ತರುವುದರ ಜೊತೆಗೆ ಕೊಳೆನೀರನ್ನು ಹೊರಸಾಗಿಸುವುದೂ ಇಂಜಿನಿಯರನ ಧರ್ಮವೆಂಬುದು ಅವರ ಕಾರ್ಯದಿಂದಲೇ ವಿದಿತವಾಗುತ್ತದೆ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ, 1912ರಿಂದ 1918ರವರೆಗೆ ದಿವಾನರಾಗಿ ನಾಡನ್ನು ಬೆಳಗಿಸಿ, 1955ರಲ್ಲಿ ಭಾರತರತ್ನರಾಗಿ, ನೂರು ಸಂವತ್ಸರಗಳನ್ನು ದಾಟಿ 1962ರಲ್ಲಿ ಕೀರ್ತಿಶೇಷರಾದರು.

ಅವರು ಕಟ್ಟಿಸಿದ ಜಲಾಶಯಕ್ಕೂ ನಮ್ಮ ಬೆಟ್ಟಗಳಿಗೂ ನೇರವಾದ ನಂಟಿದೆ. ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿಯು ಸಕಲೇಶಪುರವನ್ನು ಹಾದು, ಆಲೂರು ಸೀಮೆಯ ಹಳ್ಳಗಳ ನೀರನ್ನೂ ಕೂಡಿಸಿಕೊಂಡು, ಗೊರೂರಿನ ಅಣೆಕಟ್ಟೆಯನ್ನು ದಾಟಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮಳೆ ನಿಂತು ಹಳ್ಳಗಳು ಬತ್ತುವ ಕಾಲವೇ ನಮ್ಮ ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರನ್ನು ಹಾಗೆಯೇ ಹಳ್ಳಕ್ಕೆ ಹರಿಸಿದರೆ, ಅದರಲ್ಲಿನ ಸಿಹಿ ಮತ್ತು ಲೋಳೆ ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ, ಮೀನುಗಳು ಸಾಯುತ್ತವೆ. ಮರಳು ಕೆಸರನ್ನೂ ಅನೇಕ ರೋಗಾಣುಗಳನ್ನೂ ತಡೆದೀತು. ನೀರಿನಲ್ಲಿ ಕರಗಿದ ಗೊಬ್ಬರವನ್ನೂ ಕೀಟನಾಶಕವನ್ನೂ ಅದರಿಂದ ತಡೆಯಲಾಗದು. ತಿಳಿಯಾಗಿ ಕಾಣುವ ನೀರೆಲ್ಲವೂ ಶುದ್ಧವಲ್ಲ.

ಕೆಳದಂಡೆಯವರು ಶೋಧಿಸಿಕೊಳ್ಳಲಿ ಎಂದು ಮೇಲ್ದಂಡೆಯ ನಾವು ಕೈತೊಳೆದುಕೊಳ್ಳುವುದು ತರವಲ್ಲ. ಪ್ರಯೋಗಶಾಲೆಯಲ್ಲಿ ಹಳ್ಳದ ನೀರನ್ನು ಪರೀಕ್ಷಿಸುವ ವಿದ್ಯಾರ್ಥಿಯೂ, ತೊಳೆದ ನೀರಿಗೆ ಗುಂಡಿ ತೋಡಿಸಿ ಶುದ್ಧೀಕರಿಸುವ ತೋಟದ ಯಜಮಾನರೂ ಆ ಮಹನೀಯರ ಕಾಯಕವನ್ನೇ ಮುಂದುವರಿಸುವವರು.