ಜಾನ್ ಎಫ್. ಕೆನಡಿ

ಜಾನ್ ಫಿಟ್ಜೆರಾಲ್ಡ್ ಕೆನಡಿ (ಮೇ 29, 1917 – ನವೆಂಬರ್ 22, 1963) ಅಮೆರಿಕ ಸಂಯುಕ್ತ ಸಂಸ್ಥಾನದ 35ನೆಯ ಅಧ್ಯಕ್ಷರು. 1961ರ ಜನವರಿಯಿಂದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ಹತ್ಯೆಯಾಗುವವರೆಗೆ ಅವರು ಅಧಿಕಾರದಲ್ಲಿದ್ದರು. ಅವರ ಹತ್ಯೆಯನ್ನು ಸರ್ಕಾರಿ ಆಯೋಗಗಳು, ಸಂಸತ್ತಿನ ಸಮಿತಿಗಳು, ವಿಜ್ಞಾನಿಗಳು ಹಾಗೂ ನಿವೃತ್ತ ಪತ್ತೇದಾರರು ಮತ್ತೆ ಮತ್ತೆ ಪರಿಶೀಲಿಸಿದ್ದಾರೆ. ಹತ್ಯೆಯ ಹಿಂದೆ ಪಿತೂರಿ ಇತ್ತೇ ಎಂಬುದು ಇಂದಿಗೂ ಸಾರ್ವಜನಿಕ ಚರ್ಚೆಯ ವಿಷಯವಾಗಿದೆ.

ಆರಂಭಿಕ ಜೀವನ

ಕೆನಡಿಯವರು ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ ಜನಿಸಿದರು. ಒಂಬತ್ತು ಮಕ್ಕಳಲ್ಲಿ ಇವರು ಎರಡನೆಯವರು. ತಂದೆ ಜೋಸೆಫ್ ಕೆನಡಿ ಉದ್ಯಮಿಯಾಗಿದ್ದು, ಬ್ರಿಟನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿ ಸೇವೆ ಸಲ್ಲಿಸಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದಿಂದ 1940ರಲ್ಲಿ ಪದವಿ ಪಡೆದ ಕೆನಡಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರಿದರು. 1943ರ ಆಗಸ್ಟ್‌ನಲ್ಲಿ ಅವರ ಗಸ್ತು ದೋಣಿ ಪಿಟಿ-109ಕ್ಕೆ ಜಪಾನಿನ ಯುದ್ಧನೌಕೆಯೊಂದು ಡಿಕ್ಕಿ ಹೊಡೆದಾಗ ಇಬ್ಬರು ನಾವಿಕರು ಮಡಿದರು. ಉಳಿದವರನ್ನು ದ್ವೀಪವೊಂದಕ್ಕೆ ಸೇರಿಸಿದ ಕೆನಡಿಯವರ ಸಾಹಸ ಮುಂದೆ ಅವರ ರಾಜಕೀಯ ಜೀವನಕ್ಕೆ ನೆರವಾಯಿತು.

ರಾಜಕೀಯ ಜೀವನ

ಡೆಮಾಕ್ರಟಿಕ್ ಪಕ್ಷದಿಂದ 1947ರಲ್ಲಿ ಪ್ರತಿನಿಧಿ ಸಭೆಯನ್ನೂ 1953ರಲ್ಲಿ ಸೆನೆಟ್ಟನ್ನೂ ಪ್ರವೇಶಿಸಿದರು. 1953ರಲ್ಲಿ ಜಾಕ್ವೆಲಿನ್ ಬೂವಿಯೇ ಅವರನ್ನು ವಿವಾಹವಾದರು. 1960ರ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಅವರನ್ನು ಅತ್ಯಲ್ಪ ಅಂತರದಿಂದ ಸೋಲಿಸಿ, 43ನೆಯ ವಯಸ್ಸಿನಲ್ಲಿ ಅಧ್ಯಕ್ಷರಾಗಿ ಚುನಾಯಿತರಾದರು. ಆ ಪದವಿಗೇರಿದ ಮೊದಲ ಕ್ಯಾಥೊಲಿಕ್ ಅವರು.

ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸಲು 1961ರ ಏಪ್ರಿಲ್‌ನಲ್ಲಿ ನಡೆದ ಬೇ ಆಫ್ ಪಿಗ್ಸ್ ದಾಳಿ ವಿಫಲವಾಯಿತು. 1962ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಅಲ್ಲಿ ಕ್ಷಿಪಣಿಗಳನ್ನು ನೆಲೆಗೊಳಿಸಿದ್ದು ಬೆಳಕಿಗೆ ಬಂದಾಗ ಕೆನಡಿ ನೌಕಾ ದಿಗ್ಬಂಧನ ಮತ್ತು ಮಾತುಕತೆಯ ಮೂಲಕ ಬಿಕ್ಕಟ್ಟನ್ನು ಪರಿಹರಿಸಿದರು. ಅದೇ ವರ್ಷ ಭಾರತ-ಚೀನಾ ಯುದ್ಧದಲ್ಲಿ ಭಾರತಕ್ಕೆ ಸೇನಾ ನೆರವು ಕಳುಹಿಸಿದರು. ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಯನ್ನು 1963ರಲ್ಲಿ ಮುಂದಿಟ್ಟರು. ಅದು ಕಾಯ್ದೆಯಾದದ್ದು ಅವರ ಮರಣಾನಂತರ, 1964ರಲ್ಲಿ.

ಹತ್ಯೆ

1963ರ ನವೆಂಬರ್ 22ರಂದು ಮಧ್ಯಾಹ್ನ 12:30ಕ್ಕೆ ಡಲ್ಲಾಸ್‌ನ ಡೀಲಿ ಪ್ಲಾಜಾದಲ್ಲಿ ತೆರೆದ ಕಾರಿನಲ್ಲಿ ಸಾಗುತ್ತಿದ್ದ ಕೆನಡಿಯವರ ಮೇಲೆ ಗುಂಡಿನ ದಾಳಿ ನಡೆಯಿತು. ಮುಂದಿನ ಆಸನದಲ್ಲಿದ್ದ ರಾಜ್ಯಪಾಲ ಜಾನ್ ಕಾನಲಿ ತೀವ್ರವಾಗಿ ಗಾಯಗೊಂಡರು. ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ 1 ಗಂಟೆಗೆ ಕೆನಡಿ ನಿಧನರಾದರೆಂದು ಘೋಷಿಸಲಾಯಿತು.

ಸಮೀಪದ ಪಠ್ಯಪುಸ್ತಕ ಉಗ್ರಾಣದ ಆರನೆಯ ಮಹಡಿಯಲ್ಲಿ ಇಟಲಿ ನಿರ್ಮಿತ ರೈಫಲ್ ಹಾಗೂ ಮೂರು ಖಾಲಿ ತೋಟಾಗಳು ದೊರೆತವು. ಅಲ್ಲಿನ ನೌಕರ, ಮಾಜಿ ನೌಕಾ ಯೋಧ ಲೀ ಹಾರ್ವೆ ಆಸ್ವಾಲ್ಡ್‌ನನ್ನು ಅದೇ ಮಧ್ಯಾಹ್ನ ಚಿತ್ರಮಂದಿರವೊಂದರಲ್ಲಿ ಬಂಧಿಸಲಾಯಿತು. ಪೊಲೀಸ್ ಅಧಿಕಾರಿ ಜೆ. ಡಿ. ಟಿಪ್ಪಿಟ್ ಅವರನ್ನು ಕೊಂದ ಆರೋಪವೂ ಅವನ ಮೇಲಿತ್ತು. ಎರಡು ಆರೋಪಗಳನ್ನೂ ಆಸ್ವಾಲ್ಡ್ ಅಲ್ಲಗಳೆದನು. ನವೆಂಬರ್ 24ರಂದು ಪೊಲೀಸ್ ಕಚೇರಿಯ ನೆಲಮಾಳಿಗೆಯಲ್ಲಿಯೇ ಜ್ಯಾಕ್ ರೂಬಿ ಎಂಬ ನೈಟ್‌ಕ್ಲಬ್ ಮಾಲೀಕನು ಅವನನ್ನು ಗುಂಡಿಕ್ಕಿ ಕೊಂದನು. ಹೀಗಾಗಿ ಅಧ್ಯಕ್ಷರ ಹತ್ಯೆಯ ಆರೋಪಿ ಎಂದೂ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ಸಾಕ್ಷ್ಯಗಳು ಪಾಟೀಸವಾಲಿಗೆ ಒಳಗಾಗಲಿಲ್ಲ.

ತನಿಖೆಗಳು

ಅಧ್ಯಕ್ಷ ಲಿಂಡನ್ ಜಾನ್ಸನ್ ನೇಮಿಸಿದ ವಾರನ್ ಆಯೋಗವು 1964ರ ಸೆಪ್ಟೆಂಬರ್‌ನಲ್ಲಿ ವರದಿ ಸಲ್ಲಿಸಿತು. ಆಸ್ವಾಲ್ಡ್ ಒಬ್ಬನೇ ಮೂರು ಗುಂಡು ಹಾರಿಸಿದನೆಂದೂ ಪಿತೂರಿಗೆ ಪುರಾವೆಯಿಲ್ಲವೆಂದೂ ಅದು ತೀರ್ಮಾನಿಸಿತು. ಒಂದೇ ಗುಂಡು ಕೆನಡಿಯವರ ಕುತ್ತಿಗೆಯನ್ನು ಹಾಯ್ದು ಕಾನಲಿಯವರನ್ನೂ ಗಾಯಗೊಳಿಸಿತೆಂಬ ವಿವರಣೆ ಹೆಚ್ಚು ಟೀಕೆಗೆ ಗುರಿಯಾಯಿತು. ಕಾನಲಿಯವರ ಆಸನ ಕೆನಡಿಯವರ ಆಸನಕ್ಕಿಂತ ತಗ್ಗಿನಲ್ಲಿ, ಸ್ವಲ್ಪ ಒಳಭಾಗದಲ್ಲಿ ಇತ್ತೆಂಬುದನ್ನು ಗಣಿಸಿದರೆ ಗುಂಡಿನ ಪಥ ನೇರವಾಗುತ್ತದೆ ಎಂಬುದು ಸಮರ್ಥಕರ ಉತ್ತರ.

ಪ್ರತಿನಿಧಿ ಸಭೆಯ ವಿಶೇಷ ಸಮಿತಿಯು 1979ರಲ್ಲಿ, ಕೆನಡಿಯವರಿಗೆ ತಗುಲಿದ ಗುಂಡುಗಳು ಆಸ್ವಾಲ್ಡ್‌ನವೇ ಎಂದು ಒಪ್ಪಿತಾದರೂ ಬಹುಶಃ ಪಿತೂರಿ ನಡೆದಿತ್ತೆಂದು ಹೇಳಿತು. ಪೊಲೀಸ್ ರೇಡಿಯೊ ಧ್ವನಿಮುದ್ರಣದಲ್ಲಿ ನಾಲ್ಕನೆಯ ಗುಂಡಿನ ಸದ್ದಿದೆ ಎಂಬ ವಿಶ್ಲೇಷಣೆ ಇದಕ್ಕೆ ಮುಖ್ಯ ಆಧಾರವಾಗಿತ್ತು. ಆದರೆ ಆ ಸದ್ದುಗಳು ಹತ್ಯೆ ನಡೆದು ಸುಮಾರು ಒಂದು ನಿಮಿಷದ ನಂತರದವು ಎಂದು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು 1982ರಲ್ಲಿ ಕಂಡುಕೊಂಡರು.

ಪಿತೂರಿ ಸಿದ್ಧಾಂತಗಳು

ಗುಪ್ತಚರ ಸಂಸ್ಥೆ ಸಿಐಎ, ಮಾಫಿಯಾ, ಕ್ಯೂಬಾ, ಸೋವಿಯತ್ ಒಕ್ಕೂಟ ಹೀಗೆ ಹಲವರ ಮೇಲೆ ಸಂಶಯ ವ್ಯಕ್ತವಾಗಿದೆ. ನ್ಯೂ ಆರ್ಲಿಯನ್ಸ್‌ನ ಸರ್ಕಾರಿ ಅಭಿಯೋಜಕ ಜಿಮ್ ಗ್ಯಾರಿಸನ್ ಉದ್ಯಮಿ ಕ್ಲೇ ಶಾ ಅವರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1969ರಲ್ಲಿ ತೀರ್ಪುಗಾರರು ಒಂದು ಗಂಟೆಯೊಳಗೆ ಆರೋಪಿಯನ್ನು ದೋಷಮುಕ್ತಗೊಳಿಸಿದರು.

ಸಂಶಯ ಬೆಳೆಯಲು ಅಧಿಕಾರಿಗಳ ನಡೆಯೂ ಕಾರಣವಾಯಿತು. ಆಸ್ವಾಲ್ಡ್‌ನ ವಿಚಾರಣೆ ಧ್ವನಿಮುದ್ರಣವಾಗಲಿಲ್ಲ. ಕ್ಯಾಸ್ಟ್ರೊ ಅವರನ್ನು ಕೊಲ್ಲಿಸುವ ಸಿಐಎ ಯೋಜನೆಗಳನ್ನು ವಾರನ್ ಆಯೋಗಕ್ಕೆ ತಿಳಿಸಿರಲಿಲ್ಲ. ಆಸ್ವಾಲ್ಡ್ ಹತ್ಯೆಗೆ ಮುನ್ನ ಎಫ್‌ಬಿಐ ಕಚೇರಿಗೆ ಕೊಟ್ಟಿದ್ದ ಚೀಟಿಯನ್ನು ಅವನ ಮರಣಾನಂತರ ನಾಶಪಡಿಸಲಾಗಿತ್ತೆಂದು 1975ರಲ್ಲಿ ಬಯಲಾಯಿತು. ಇವು ಪಿತೂರಿಯನ್ನು ಸಾಬೀತುಪಡಿಸುವುದಿಲ್ಲ. ಆದರೆ ತನಿಖೆಯ ಮೇಲಿನ ವಿಶ್ವಾಸವನ್ನು ಕುಗ್ಗಿಸಿದವು.

ಪತ್ತೇದಾರರ ಮರುಪರಿಶೀಲನೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ಪೊಲೀಸ್ ಪಡೆಯ ಮಾಜಿ ಪತ್ತೇದಾರ ಕಾಲಿನ್ ಮೆಕ್‌ಲಾರೆನ್ ಈ ಪ್ರಕರಣವನ್ನು ಬಾಕಿ ಉಳಿದ ಕೊಲೆ ಕಡತದಂತೆ ಓದಿ, ಸಾಕ್ಷಿಗಳ ಹೇಳಿಕೆಗಳನ್ನು ಒಂದಕ್ಕೊಂದು ಹೋಲಿಸಿ 2013ರಲ್ಲಿ ಪುಸ್ತಕ ಪ್ರಕಟಿಸಿದರು. ಗುಂಡಿನ ಶಸ್ತ್ರಗಳ ತಜ್ಞ ಹೊವಾರ್ಡ್ ಡೊನಾಹ್ಯೂ ಮೊದಲು ಮಂಡಿಸಿದ್ದ ವಾದವನ್ನೇ ಅವರು ಮುಂದುವರಿಸಿದರು. ಅದರಂತೆ ಆಸ್ವಾಲ್ಡ್ ಗುಂಡು ಹಾರಿಸಿದ್ದು ನಿಜ; ಆದರೆ ತಲೆಗೆ ತಗುಲಿದ ಮಾರಕ ಗುಂಡು, ಹಿಂದಿನ ಕಾರಿನಲ್ಲಿದ್ದ ಭದ್ರತಾ ಸಿಬ್ಬಂದಿಯ ರೈಫಲ್‌ನಿಂದ ಆಕಸ್ಮಿಕವಾಗಿ ಹಾರಿದ್ದು.

ಈ ವಾದ ವ್ಯಾಪಕ ಮನ್ನಣೆ ಪಡೆದಿಲ್ಲ. ಅದೇ ಕಾರಿನಲ್ಲಿದ್ದ ಇತರ ಸಿಬ್ಬಂದಿ ಅಂಥ ಘಟನೆಯನ್ನು ವರದಿ ಮಾಡಿಲ್ಲ. ಕಾರಿನಲ್ಲಿ ದೊರೆತ ಗುಂಡಿನ ತುಣುಕುಗಳು ಉಗ್ರಾಣದ ರೈಫಲ್‌ಗೆ ಹೊಂದಿಕೆಯಾದವೆಂದು ಅಧಿಕೃತ ತನಿಖೆಗಳು ಹೇಳಿವೆ. ಆರೋಪಕ್ಕೆ ಒಳಗಾದ ಸಿಬ್ಬಂದಿ ಡೊನಾಹ್ಯೂ ಅವರ ವಾದವನ್ನು ಪ್ರಕಟಿಸಿದ 1992ರ ಪುಸ್ತಕದ ವಿರುದ್ಧ ಮಾನನಷ್ಟ ಮೊಕದ್ದಮೆ ಹೂಡಿದ್ದರು.

ಪರಂಪರೆ

1992ರ ಕಾಯ್ದೆಯೊಂದರ ಮೂಲಕ ಹತ್ಯೆಗೆ ಸಂಬಂಧಿಸಿದ ಲಕ್ಷಾಂತರ ಪುಟಗಳ ದಾಖಲೆಗಳು ಸಾರ್ವಜನಿಕರಿಗೆ ತೆರೆದವು. ಬಿಡುಗಡೆ 2025ರಲ್ಲಿಯೂ ಮುಂದುವರಿಯಿತು. 2023ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇಕಡಾ 65 ಅಮೆರಿಕನ್ನರು ಪಿತೂರಿ ಇತ್ತೆಂದು ನಂಬಿದ್ದರು. ಕೆನಡಿಯವರ ಸಮಾಧಿ ವರ್ಜೀನಿಯಾದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿದೆ. ರೈಫಲ್ ದೊರೆತ ಉಗ್ರಾಣದ ಆರನೆಯ ಮಹಡಿ ಈಗ ವಸ್ತುಸಂಗ್ರಹಾಲಯವಾಗಿದೆ.