ಕಂಕನಾಡಿಯ ಫಾದರ್ ಮುಲ್ಲರ್

ಪವಾಯಿಯಲ್ಲಿ ನೆಲಸಿರುವ ನಮ್ಮ ಕರಾವಳಿಯ ಬಂಧುಗಳಿಗೆ ಕಂಕನಾಡಿಯ ಹೆಸರನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಊರಿನಲ್ಲಿ ಹಿರಿಯರ ಕಾಯಿಲೆ ಬಿಗಡಾಯಿಸಿತೆಂದರೆ, ಅವರನ್ನು ಕಂಕನಾಡಿಗೆ ಸೇರಿಸಿದ ಸುದ್ದಿ ಇಲ್ಲಿಗೆ ತಲಪುತ್ತದೆ. ಆ ಆಸ್ಪತ್ರೆಗೆ ಹೆಸರು ಕೊಟ್ಟ ಮಹನೀಯರ ಜೀವನವನ್ನು ಮಾತ್ರ ನಮ್ಮಲ್ಲಿ ಅನೇಕರು ಅರಿಯರು.

ಅಗಸ್ಟಸ್ ಮುಲ್ಲರ್ ಅವರು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ 1841ರಲ್ಲಿ ಜನಿಸಿದರು. ಜೆಸ್ವಿಟ್ ಸಂಘವನ್ನು ಸೇರಿ, 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಆ ಸಂಘದ ಮೊದಲ ತಂಡದಲ್ಲಿ ಅವರೂ ಒಬ್ಬರಾಗಿದ್ದರು. ಅವರಿಗೆ ವಹಿಸಿದ್ದು ಪಾಠ ಹೇಳುವ ಕೆಲಸ. ಆದರೆ ಅವರ ಬಳಿ ಹೋಮಿಯೋಪತಿ ಔಷಧಗಳ ಒಂದು ಪೆಟ್ಟಿಗೆಯಿತ್ತು. ಮೊದಲು ವಿದ್ಯಾರ್ಥಿಗಳಿಗೆ, ಬಳಿಕ ನೆರೆಹೊರೆಯ ಬಡವರಿಗೆ ಅವರು ಔಷಧ ಕೊಡತೊಡಗಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಹೋಮಿಯೋಪತಿ ಔಷಧಾಲಯ ಆರಂಭವಾಯಿತು. ಅಲ್ಲಿನ ಆಲದ ಮರದ ನೆರಳೇ ಅವರ ಮೊದಲ ಚಿಕಿತ್ಸಾಲಯವಾಗಿತ್ತೆಂದು ಊರಿನವರು ಇಂದಿಗೂ ಹೇಳುತ್ತಾರೆ.

ಬಡವರಿಗೆ ಪುಕ್ಕಟೆಯಾಗಿ ಔಷಧ ಕೊಡುವುದೆಂದರೆ ಹಣ ಬೇಕಷ್ಟೆ? ಅದಕ್ಕೆ ಅವರು ಹೂಡಿದ ಉಪಾಯ ವ್ಯಾಪಾರಸ್ಥರೂ ಮೆಚ್ಚುವಂಥದು. ಔಷಧಗಳನ್ನು ಕಂಕನಾಡಿಯಲ್ಲೇ ಸಿದ್ಧಪಡಿಸಿ, ಕೊಳ್ಳಬಲ್ಲವರಿಗೆ ಅಂಚೆಯ ಮೂಲಕ ಮಾರುತ್ತಿದ್ದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಬಹಳ ಮೊದಲೇ ಕಂಕನಾಡಿಯ ಔಷಧದ ಕಟ್ಟುಗಳು ಭಾರತದ ದೂರದ ಊರುಗಳನ್ನು ತಲಪುತ್ತಿದ್ದವು. ಉಳ್ಳವರು ಕೊಟ್ಟ ಬೆಲೆ ಇಲ್ಲದವರ ಆರೈಕೆಗೆ ಒದಗಿತು.

ಆ ಕಾಲದಲ್ಲಿ ಕುಷ್ಠರೋಗಿಯೆಂದರೆ ಮನೆಯವರೂ ದೂರ ಸರಿಯುತ್ತಿದ್ದರು. ನಮ್ಮ ಪವಾಯಿಯ ಕೆರೆ ಕಟ್ಟಿದ್ದು 1891ರಲ್ಲಿ. ಅದರ ಹಿಂದಿನ ವರ್ಷ, 1890ರಲ್ಲಿ, ಮುಲ್ಲರ್ ಅವರು ಕುಷ್ಠರೋಗಿಗಳಿಗಾಗಿ ಒಂದು ಆಶ್ರಯವನ್ನು ಕಟ್ಟಿದ್ದರು. 1895ರಲ್ಲಿ ಆಸ್ಪತ್ರೆ ಎದ್ದಿತು. 1896ರಲ್ಲಿ ಮುಂಬಯಿಯನ್ನು ನಡುಗಿಸಿದ ಪ್ಲೇಗು ಮುಂದೆ ಕರಾವಳಿಯನ್ನೂ ಮುಟ್ಟಿತು. 1902ರಲ್ಲಿ ಪ್ಲೇಗಿನ ರೋಗಿಗಳಿಗೂ ಕಂಕನಾಡಿಯಲ್ಲಿ ಆಸ್ಪತ್ರೆಯಾಯಿತು. ಸರಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹೋಮಿಯೋಪತಿಯ ಅತಿ ಸೂಕ್ಷ್ಮ ಪ್ರಮಾಣದ ಗುಳಿಗೆಗಳಿಗೆ ಬರಿಯ ಸಕ್ಕರೆ ಗುಳಿಗೆಗಿಂತ ಹೆಚ್ಚಿನ ಗುಣವಿದೆಯೆಂಬುದನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಕುಷ್ಠಕ್ಕೆ ಫಲಕಾರಿ ಔಷಧ ದೊರೆತದ್ದು 1940ರ ದಶಕದಲ್ಲಿ. ಪ್ಲೇಗಿಗೂ ಹೆಚ್ಚುಕಡಿಮೆ ಆಗಲೇ. ಹಾಗಾದರೆ ಮುಲ್ಲರ್ ಅವರ ದುಡಿಮೆ ವ್ಯರ್ಥವಾಯಿತೇ? ಎಂದಿಗೂ ಇಲ್ಲ. ಔಷಧವೇ ಇಲ್ಲದ ರೋಗಕ್ಕೆ ಮಲಗಲು ಜಾಗ, ಹೊತ್ತಿಗೆ ಊಟ, ಹತ್ತಿರ ಬಂದು ಮಾತನಾಡಿಸುವ ಮನುಷ್ಯ, ಇವೇ ಆಗ ದೊಡ್ಡ ನೆರವು. ಅವನ್ನು ಕೊಟ್ಟ ಮನೆಯ ಮೇಲೆ ಜನರಿಗೆ ನಂಬಿಕೆ ಹುಟ್ಟಿತು. ಆ ನಂಬಿಕೆಯೇ ಮುಂದೆ ಹೊಸ ವೈದ್ಯಕ್ಕೂ ದಾರಿಯಾಯಿತು. ಅದೇ ಸಂಸ್ಥೆಯಲ್ಲಿ 1985ರಲ್ಲಿ ಹೋಮಿಯೋಪತಿ ಕಾಲೇಜೂ 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜೂ ತೆರೆದವು.

ಹೋಮಿಯೋಪತಿ, ಆಯುರ್ವೇದ, ಪ್ರಕೃತಿ ಚಿಕಿತ್ಸೆಗಳನ್ನು ಕಲಿತು ಜೀವನೋಪಾಯ ಮಾಡಿಕೊಳ್ಳಬೇಕೆನ್ನುವ ತರುಣ ತರುಣಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರು ಈ ಜೀವನವನ್ನು ಬಲ್ಲವರಾಗಬೇಕು. ರೋಗಿಯ ನಂಬಿಕೆ ವೈದ್ಯನ ಬಳಿ ಇಟ್ಟ ಠೇವಣಿ. ತನ್ನ ಕೈಯಲ್ಲಿ ಆಗದ ರೋಗವನ್ನು ತಡಮಾಡದೆ ಬಲ್ಲವರ ಬಳಿಗೆ ಕಳುಹಿಸುವವನೇ ಆ ಠೇವಣಿಯನ್ನು ಕಾಪಾಡಿದಂತೆ.

ಪರದೇಶದಿಂದ ಬಂದು, ಬಂದ ನೆಲವನ್ನೇ ತನ್ನದೆಂದು ಬಗೆದು ದುಡಿದ ಫಾದರ್ ಮುಲ್ಲರ್ ಅವರು ತೀರಿಕೊಂಡದ್ದು 1910ರ ನವೆಂಬರ್ 1ರಂದು. ನಲವತ್ತಾರು ವರ್ಷಗಳ ತರುವಾಯ ಅದೇ ದಿನ ಕನ್ನಡ ನಾಡು ಒಂದಾಯಿತು. ಹುಟ್ಟೂರನ್ನು ಬಿಟ್ಟು ಬಂದು ಬಾಳು ಕಟ್ಟಿಕೊಂಡಿರುವ ನಾವು ರಾಜ್ಯೋತ್ಸವದ ಈ ದಿನ ಅವರನ್ನೂ ನೆನೆಯುವುದು ಉಚಿತವೇ ಸರಿ.