ಬೈಕಲ್ ಸರೋವರದ ಸಾಧಕ

ಹಾವೇರಿ ಜಿಲ್ಲೆಯ ಹುಲಗೂರಿನ ಸೀಮೆಯಲ್ಲಿ ಚಳಿಗಾಲವೆಂದರೆ ಮುಂಜಾನೆಯ ಇಬ್ಬನಿ, ಮೈಗೆ ಹಿತವಾದ ಎಳೆಬಿಸಿಲು. ಅಲ್ಲಿನ ಕೆರೆಯ ನೀರು ಎಂದೂ ಹೆಪ್ಪುಗಟ್ಟುವುದಿಲ್ಲ. ನಿಂತ ನೀರಿನಲ್ಲಿ ಪಾಚಿ ಹಸುರಾಗಿ ಬೆಳೆದಿರುತ್ತದೆ. ಆದರೆ ಉತ್ತರದ ಶೀತದೇಶಗಳ ಸರೋವರಗಳು ತಿಂಗಳುಗಟ್ಟಲೆ ಮಂಜುಗಡ್ಡೆಯಿಂದ ಮುಚ್ಚಿರುತ್ತವೆ. ಅಂಥ ನೀರಿನಲ್ಲಿ ಪಾಚಿ ಬೆಳೆದೀತೇ? ಚಳಿಗಾಲವು ಸರೋವರಗಳ ನಿದ್ರಾಕಾಲವೆಂದು ಬಗೆದು, ಆ ತಿಂಗಳುಗಳಲ್ಲಿ ಅಧ್ಯಯನವನ್ನೇ ನಿಲ್ಲಿಸುತ್ತಿದ್ದ ವಿಜ್ಞಾನಿಗಳು ಬಹುಮಂದಿ. ಹಾಗೆ ನಿಲ್ಲಿಸದೆ, ಮಂಜುಗಡ್ಡೆಯನ್ನು ಕೊರೆದು ಅದರ ಕೆಳಗಿನ ಜೀವಲೋಕವನ್ನು ಅರಸಿದವರಲ್ಲಿ ಮಿಖಾಯಿಲ್ ಕೋಜೋವ್ ಪ್ರಮುಖರು.

ಕೋಜೋವ್ ಅವರು 1890ರಲ್ಲಿ ಸೈಬೀರಿಯದಲ್ಲಿ ಜನಿಸಿದರು. ಇರ್ಕುಟ್ಸ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಅವರು ತಮ್ಮ ಬಾಳನ್ನು ಬೈಕಲ್ ಸರೋವರದ ಅಧ್ಯಯನಕ್ಕೆ ಮುಡಿಪಾಗಿಟ್ಟರು. ಬೈಕಲ್ ಸಾಮಾನ್ಯ ಸರೋವರವಲ್ಲ. 1,642 ಮೀಟರ್ ಆಳದ ಅದು ಜಗತ್ತಿನ ಸರೋವರಗಳಲ್ಲೆಲ್ಲ ಅತ್ಯಂತ ಆಳವಾದದ್ದು. ಬೇರೆಲ್ಲಿಯೂ ಕಾಣಸಿಗದ ನೂರಾರು ಬಗೆಯ ಜೀವಿಗಳಿಗೆ ಅದು ನೆಲೆ. ಸುಮಾರು ಜನವರಿಯಿಂದ ಮೇ ತಿಂಗಳವರೆಗೆ ಅದರ ನೀರು ಮಂಜುಗಡ್ಡೆಯ ಹೊದಿಕೆಯಡಿಯಲ್ಲಿ ಇರುತ್ತದೆ.

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಕೋಜೋವ್ ಒಂದು ಮಹತ್ಕಾರ್ಯಕ್ಕೆ ಕೈಹಾಕಿದರು. ಬೋಲ್ಷಿಯೆ ಕೋಟಿ ಎಂಬ ಹಳ್ಳಿಯ ದಡದಿಂದ 2.7 ಕಿಲೋಮೀಟರ್ ದೂರದಲ್ಲಿ ಒಂದು ಸ್ಥಳವನ್ನು ಗೊತ್ತುಮಾಡಿಕೊಂಡರು. ಏಳರಿಂದ ಹತ್ತು ದಿನಗಳಿಗೊಮ್ಮೆ ಅಲ್ಲಿಗೆ ಹೋಗಿ, ನೀರಿನ ಉಷ್ಣತೆಯನ್ನು ಅಳೆದು, ಬೇರೆ ಬೇರೆ ಆಳಗಳ ನೀರನ್ನು ಸಂಗ್ರಹಿಸಿ, ಅದರೊಳಗಿನ ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ಎಣಿಸುವುದು ಅವರ ಸಂಕಲ್ಪವಾಗಿತ್ತು. ಬೇಸಗೆಯಲ್ಲಿ ದೋಣಿಯೇರಿ ಹೋಗಬೇಕು. ಚಳಿಗಾಲದಲ್ಲಿ ಮೈ ಕೊರೆಯುವ ಗಾಳಿಯನ್ನು ಎದುರಿಸುತ್ತ ಮಂಜುಗಡ್ಡೆಯ ಮೇಲೆಯೇ ಸಾಗಬೇಕು. ಕೆಲಸ ಕಠಿಣವಾಗಿತ್ತು, ಫಲ ಕೂಡಲೇ ದೊರೆಯುವಂಥದೂ ಆಗಿರಲಿಲ್ಲ. ಆದರೂ ಆ ನಿಯಮ ತಪ್ಪಲಿಲ್ಲ.

ಮಂಜುಗಡ್ಡೆಯ ಕೆಳಗಿನ ಲೋಕ ನಿರ್ಜೀವವಾಗಿರಲಿಲ್ಲ. ಬೈಕಲಿನ ಮೇಲೆ ಬೀಸುವ ಬಲವಾದ ಗಾಳಿ ಹಿಮದ ಪುಡಿಯನ್ನು ಗುಡಿಸಿಹಾಕಿದಾಗ ಮಂಜುಗಡ್ಡೆ ಗಾಜಿನಂತೆ ತಿಳಿಯಾಗಿರುತ್ತದೆ. ಅದರ ಮೂಲಕ ಸೂರ್ಯನ ಬೆಳಕು ನೀರಿಗಿಳಿಯುತ್ತದೆ. ನೀರು ಅತ್ಯಂತ ಭಾರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಆದ್ದರಿಂದ ಮಂಜುಗಡ್ಡೆಗೆ ತಾಗಿದ ತಣ್ಣನೆಯ ನೀರು ಬಿಸಿಲಿನಿಂದ ತುಸು ಬಿಸಿಯಾದೊಡನೆ ಭಾರವಾಗಿ ಕೆಳಗಿಳಿಯುತ್ತದೆ. ಕೆಳಗಿನ ನೀರು ಮೇಲೇರುತ್ತದೆ. ಈ ಮೆಲ್ಲನೆಯ ಕದಡುವಿಕೆಯು ಡಯಾಟಮ್ ಎಂಬ ಪಾಚಿಗಳನ್ನು ತಳಕ್ಕೆ ಮುಳುಗಗೊಡದೆ ಬೆಳಕಿನಲ್ಲಿ ತೇಲಿಸುತ್ತದೆ. ಹೀಗಾಗಿ ವಸಂತ ಸಮೀಪಿಸುವಾಗ ಮಂಜುಗಡ್ಡೆಯ ಅಡಿಯಲ್ಲಿಯೇ ಪಾಚಿ ಸಮೃದ್ಧವಾಗಿ ಬೆಳೆಯುತ್ತದೆ. ಹಿಮ ದಟ್ಟವಾಗಿ ಬಿದ್ದು ಬೆಳಕನ್ನು ತಡೆದರೆ ಆ ಬೆಳೆ ಕುಂದುತ್ತದೆ. ಪಾಚಿಯನ್ನು ಕಿರುಜೀವಿಗಳು, ಅವನ್ನು ಮೀನುಗಳು, ಮೀನುಗಳನ್ನು ಬೈಕಲಿನ ಸೀಲ್ ಪ್ರಾಣಿಗಳು ತಿಂದು ಬದುಕುತ್ತವೆ. ಹಿಮ, ಗಾಳಿ, ಮಂಜುಗಡ್ಡೆಗಳ ಸ್ಥಿತಿಯು ಸರೋವರದ ಅನ್ನದ ಬಟ್ಟಲನ್ನೇ ತುಂಬಿಸಬಲ್ಲದು, ಇಲ್ಲವೇ ಬರಿದುಮಾಡಬಲ್ಲದು.

ಪಾಚಿಯ ಬೆಳೆ ಎಲ್ಲ ವರ್ಷಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮೂರು ನಾಲ್ಕು ವರ್ಷಗಳಿಗೊಮ್ಮೆ ಮೆಲೋಸಿರಾ ಎಂದು ಹೆಸರಾಗಿದ್ದ ಡಯಾಟಮ್ ವಿಪುಲವಾಗಿ ಬೆಳೆಯುತ್ತದೆ. ಒಂದೆರಡು ವರ್ಷ ನೋಡಿ ಕೈಬಿಟ್ಟವರಿಗೆ ಇಂಥ ಏರಿಳಿತ ಗೋಚರಿಸದು. ಸತತವಾದ ವೀಕ್ಷಣೆಯ ಬೆಲೆ ಇರುವುದು ಇಲ್ಲಿಯೇ. ಕೋಜೋವರ ಜ್ಞಾನದ ಸಾರವು 1963ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥರೂಪವಾಗಿ ಪ್ರಕಟಗೊಂಡು ಹೊರಜಗತ್ತನ್ನು ತಲಪಿತು.

1968ರಲ್ಲಿ ಕೋಜೋವ್ ನಿಧನರಾದರು. ಆದರೆ ಅವರ ಕಾರ್ಯ ನಿಲ್ಲಲಿಲ್ಲ. ಮಗಳು ಓಲ್ಗಾ ಕೋಜೋವಾ, ಅವರ ತರುವಾಯ ಮೊಮ್ಮಗಳು ಲ್ಯುಬೋವ್ ಇಜ್ಮೆಸ್ತೀವಾ ಅದನ್ನು ಮುಂದುವರಿಸಿದರು. ಮೂರು ತಲೆಮಾರುಗಳು ಕೂಡಿಟ್ಟ ಅರುವತ್ತು ವರ್ಷಗಳ ಲೆಕ್ಕವನ್ನು ರಷ್ಯ ಮತ್ತು ಅಮೆರಿಕದ ವಿಜ್ಞಾನಿಗಳು ಜೊತೆಗೂಡಿ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. 1946ರಿಂದೀಚೆಗೆ ಸರೋವರದ ಮೇಲ್ಪದರದ ನೀರು 1 ಡಿಗ್ರಿ ಸೆಲ್ಸಿಯಸಿಗಿಂತಲೂ ಹೆಚ್ಚು ಬಿಸಿಯಾಗಿರುವುದು ಅದರಿಂದ ಸಿದ್ಧವಾಯಿತು. ಅಷ್ಟು ವಿಶಾಲವೂ ಆಳವೂ ಆದ ಸರೋವರವು ಹವೆಯ ಬದಲಾವಣೆಗೆ ಸುಲಭವಾಗಿ ಜಗ್ಗದೆಂಬ ನಂಬಿಕೆ ಹುಸಿಯಾಯಿತು. ಮಂಜುಗಡ್ಡೆಯ ಕಾಲ ಕುಗ್ಗಿದರೆ, ಅದನ್ನೇ ನೆಚ್ಚಿದ ಪಾಚಿಗೂ ಅದರಿಂದ ಬದುಕುವ ಜೀವಿಗಳಿಗೂ ಆಪತ್ತು ತಪ್ಪದೆಂಬ ಎಚ್ಚರ ಮೂಡಿತು.

ಈ ಎಚ್ಚರದ ಮಾತನ್ನು ಕೇಳಲು ಕೋಜೋವ್ ಬದುಕಿರಲಿಲ್ಲ. ತಾವು ಬಿತ್ತಿದ್ದರ ಬೆಳೆಯನ್ನು ಕಾಣದಿದ್ದರೂ ಅವರು ಬಿತ್ತುವುದನ್ನು ಬಿಡಲಿಲ್ಲ. ಆ ನಿಷ್ಠೆಯಿಂದಲೇ ಒಂದು ಸರೋವರದ ಅರುವತ್ತು ವರ್ಷಗಳ ಚರಿತ್ರೆ ಲೋಕಕ್ಕೆ ಉಳಿಯಿತು.